ಕಾಡಿನ ಓಟಕ್ಕೆ ಡಾಕ್ಟರು ಹೊರಟಾಗ

ಪ್ರಶ್ನೆ: ಶಿವಮೊಗ್ಗದಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಫಿಸಿಷಿಯನ್ ನಾನು. ಚಿಕ್ಕಮಗಳೂರಿನ ಗುಡ್ಡಗಳಲ್ಲಿ ನಡೆಯುವ 50 ಕಿ.ಮೀ. ಟ್ರೇಲ್ ಓಟಕ್ಕೆ ವೈದ್ಯರಾಗಿ ಬನ್ನಿ ಎಂದು ಕರೆದಿದ್ದಾರೆ. ಊಟ, ವಸತಿ ಬಿಟ್ಟರೆ ಸಂಭಾವನೆ ಇಲ್ಲ. ‘ಪುಕ್ಕಟೆ ಸೇವೆಗೆ ಗುಡ್ ಸಮಾರಿಟನ್ ಕಾನೂನಿನ ರಕ್ಷಣೆ ಇದೆ, ಓಟಗಾರರೂ ಎಲ್ಲಕ್ಕೂ ನಾವೇ ಹೊಣೆ ಎಂದು ಸಹಿ ಹಾಕಿರುತ್ತಾರೆ’ ಎನ್ನುತ್ತಾರೆ ಆಯೋಜಕರು. ನಂಬಿ ಹೋಗಬಹುದೇ?

ಉತ್ತರ: ಹೋಗಿ ಡಾಕ್ಟರೇ, ಆದರೆ ಆ ಎರಡು ಮಾತುಗಳನ್ನು ನಂಬಿಕೊಂಡಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಸೆಕ್ಷನ್ 134ಎ ಇರುವುದು ವಾಹನ ಅಪಘಾತದ ಗಾಯಾಳುವಿಗೆ ನೆರವಾದವರಿಗೆ. ಬಂಡೆಯ ಮೇಲೆ ಕಾಲು ಜಾರಿದವನ ವಿಷಯದಲ್ಲಿ ಅದು ನಿಮ್ಮ ಕೈ ಹಿಡಿಯದು. ಕರ್ನಾಟಕಕ್ಕೆ 2016ರ ತನ್ನದೇ ಗುಡ್ ಸಮಾರಿಟನ್ ಕಾಯ್ದೆ ಇದೆ, ನಿಜ. ಆದರೆ ಅಂಥ ಕಾನೂನುಗಳ ಕಣ್ಣಿರುವುದು ಆಕಸ್ಮಿಕವಾಗಿ ಎದುರಾಗಿ ನೆರವಿಗೆ ಧಾವಿಸಿದವರ ಮೇಲೆ. ನೀವು ಮೊದಲೇ ಒಪ್ಪಿಕೊಂಡು, ‘ವೈದ್ಯಕೀಯ ತಂಡ’ ಎಂಬ ಜಾಕೆಟ್ ತೊಟ್ಟು ಕೂತವರು. ಸಂಬಳ ಇಲ್ಲದಿದ್ದರೂ ಹೊಣೆ ಇದೆ. ಇನ್ನು ಓಟಗಾರರ ಸಹಿ: ಕ್ರಿಮಿನಲ್ ಹೊಣೆಯನ್ನು ಯಾವ ಕರಾರುಪತ್ರವೂ ಅಳಿಸಲಾರದು.

ನಿಮ್ಮ ನಿಜವಾದ ರಕ್ಷಣೆ ಬೇರೆ ಕಡೆ ಇದೆ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟ್, ವೈದ್ಯರನ್ನು ಕ್ರಿಮಿನಲ್ ಕೇಸಿಗೆ ಎಳೆಯಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದಿತು. ಅಳೆಯುವುದು ಸಾಧಾರಣ ನೈಪುಣ್ಯದ ವೈದ್ಯರೊಬ್ಬರು ಅದೇ ಪರಿಸ್ಥಿತಿಯಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು. ಟೆಂಟಿನಲ್ಲಿ ಸಿ.ಟಿ. ಸ್ಕ್ಯಾನ್ ಇರಲಿಲ್ಲವೆಂದು ಯಾರೂ ನಿಮ್ಮನ್ನು ದೂರುವಂತಿಲ್ಲ. ಎಚ್ಚರ ತಪ್ಪಿದವರ ಒಪ್ಪಿಗೆಗೆ ಕಾಯಬೇಕಿಲ್ಲ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 30 ಸದುದ್ದೇಶದ ತುರ್ತು ಚಿಕಿತ್ಸೆಯನ್ನು ರಕ್ಷಿಸುತ್ತದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಸೆಕ್ಷನ್ 106ರಡಿ ಇತರರಿಗೆ ಐದು ವರ್ಷದವರೆಗೆ ಶಿಕ್ಷೆ, ಚಿಕಿತ್ಸೆ ನೀಡುತ್ತಿದ್ದ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ.

ಗ್ರಾಹಕ ಕೋರ್ಟಿನ ಮಾತು ಸ್ವಲ್ಪ ಸಿಕ್ಕು. ಎಲ್ಲರಿಗೂ ಪೂರ್ತಿ ಉಚಿತವಾದ ಚಿಕಿತ್ಸೆ ಗ್ರಾಹಕ ಕಾಯ್ದೆಯ ‘ಸೇವೆ’ ಅಲ್ಲ ಎಂದು 1995ರ ವಿ.ಪಿ. ಶಾಂತಾ ತೀರ್ಪು ಹೇಳುತ್ತದೆ. ಆದರೆ ಓಟಗಾರ ಪ್ರವೇಶ ಶುಲ್ಕ ಕಟ್ಟಿದ್ದಾನೆ, ಅದರಲ್ಲಿ ವೈದ್ಯಕೀಯ ನೆರವೂ ಸೇರಿದೆ ಎಂದು ಆಯೋಜಕರೇ ಜಾಹೀರಾತು ಕೊಟ್ಟಿದ್ದರೆ? ಎದುರು ವಕೀಲರು ಹಿಡಿಯುವ ಎಳೆ ಅದೇ. ಹಾಗಾಗಿ ನಿಮ್ಮ ಇಂಡೆಮ್ನಿಟಿ ವಿಮೆ ಕ್ಲಿನಿಕ್ಕಿನ ಹೊರಗಿನ ಉಚಿತ ಸೇವೆಗೂ ಅನ್ವಯಿಸುತ್ತದೆಯೇ ಎಂದು ಕಂಪನಿಯಿಂದ ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ‘ಹೂಂ ಸಾರ್’ ಎಂದರೆ ಸಾಲದು.

ಆಯೋಜಕರಿಂದಲೂ ಪತ್ರ ಬೇಕು. ಆಂಬುಲೆನ್ಸ್ ಎಷ್ಟು, ಎಲ್ಲಿ ನಿಲ್ಲುತ್ತದೆ, ಯಾವ ಆಸ್ಪತ್ರೆಗೆ ಒಯ್ಯುವುದು, ನೆಟ್‌ವರ್ಕ್ ಇಲ್ಲದ ಕಡೆ ವಾಕಿಟಾಕಿ ಇದೆಯೇ ಎಂಬುದೆಲ್ಲ ಅದರಲ್ಲಿರಲಿ. ಓಟಗಾರನನ್ನು ತಡೆಯುವ ವಿಷಯದಲ್ಲಿ ವೈದ್ಯರ ಮಾತೇ ಕೊನೆ ಎಂದು ನಿಯಮಾವಳಿಯಲ್ಲಿ ಬರೆಸಿ. ನನ್ನ ಅನುಭವದಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ, ನಾಲ್ಕು ತಿಂಗಳು ತಯಾರಿ ಮಾಡಿದವನು 42ನೇ ಕಿ.ಮೀ.ಯಲ್ಲಿ ನಿಲ್ಲು ಎಂದರೆ ನಿಲ್ಲುವನೇ? ತಡೆದರೂ ಓಡಿದರೆ ಸಮಯ, ನಾಡಿ, ಬಿ.ಪಿ., ನೀವು ಕೊಟ್ಟ ಎಚ್ಚರಿಕೆ ಬರೆದಿಟ್ಟು ಪಕ್ಕದವರಿಂದ ಸಾಕ್ಷಿ ಸಹಿ ಹಾಕಿಸಿ. ಯಾರಾದರೂ ದಿಢೀರನೆ ಸತ್ತರೆ ಸಾವಿನ ಕಾರಣದ ಪ್ರಮಾಣಪತ್ರ ಬರೆದುಕೊಡಲು ಹೋಗಬೇಡಿ, ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಇಂಥ ಓಟಕ್ಕೆ ಸ್ವಯಂಸೇವಕಿಯಾಗಿ ಹೋಗುವ ಸ್ಟಾಫ್ ನರ್ಸ್ ನಾನು. ಡಾಕ್ಟರು ಇನ್ನೊಂದು ಚೆಕ್‌ಪಾಯಿಂಟ್‌ನಲ್ಲಿರುತ್ತಾರೆ. ಸುಸ್ತಾಗಿ ಬಿದ್ದವರಿಗೆ ನಾನೇ ಡ್ರಿಪ್ ಹಾಕಬಹುದೇ?

ಉತ್ತರ: ಬೇಡಮ್ಮ. ಪ್ರಥಮ ಚಿಕಿತ್ಸೆ, ಸಿ.ಪಿ.ಆರ್. ಧಾರಾಳವಾಗಿ ಮಾಡಿ. ಡ್ರಿಪ್, ಇಂಜೆಕ್ಷನ್‌ಗೆ ವೈದ್ಯರ ಆದೇಶ ಬೇಕು. ದೂರದಿಂದ ಹೇಳುವುದಾದರೆ ಯಾವ ಸ್ಥಿತಿಗೆ ಏನು ಎಂಬ ಲಿಖಿತ ಸೂಚನೆಯನ್ನು ಓಟಕ್ಕೆ ಮೊದಲೇ ಅವರ ಸಹಿಯೊಂದಿಗೆ ಪಡೆದಿರಿ. ಇದು ಬರೀ ಕಾನೂನಿನ ಮಾತಲ್ಲ. ದಾರಿಯುದ್ದ ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ಇಳಿದವನೂ ನೀರು ಬತ್ತಿದವನಂತೆಯೇ ಬಿದ್ದಿರುತ್ತಾನೆ. ಅವನಿಗೆ ಗ್ಲೂಕೋಸ್ ಬಾಟಲಿ ಏರಿಸಿದರೆ ಮಿದುಳಿನ ಊತ ಹೆಚ್ಚಬಹುದು.