ಗುದ್ದಿದವರು ಕೊಟ್ಟ ಹದಿನೈದು ಸಾವಿರ

*ಪ್ರಶ್ನೆ: ಗಾರೆ ಕೆಲಸ ಮಾಡುತ್ತೇನೆ, ವಯಸ್ಸು 42. ಸುಮಾರು ಎರಡು ತಿಂಗಳ ಹಿಂದೆ ಸಂಜೆ ಸೈಕಲ್‌ನಲ್ಲಿ ಮನೆಗೆ ಬರುವಾಗ ಕಾರೊಂದು ಹಿಂದಿನಿಂದ ಗುದ್ದಿತು. ಬಲಗಾಲಿಗೆ ರಾಡ್ ಹಾಕಿದ್ದಾರೆ. ಕಾರಿನವರೇ ಆಸ್ಪತ್ರೆಗೆ ಸೇರಿಸಿದರು. ಆಮೇಲೆ ಊರ ಹಿರಿಯರ ಮುಂದೆ 15,000 ರೂಪಾಯಿ ಕೊಟ್ಟು, ‘ಮುಂದೆ ಯಾವ ತಕರಾರೂ ಇಲ್ಲ’ ಎಂದು ಬರೆಸಿಕೊಂಡರು. ಪೊಲೀಸರಿಗೆ ಹೇಳಿಲ್ಲ. ಆಪರೇಷನ್ ಖರ್ಚು ಲಕ್ಷ ದಾಟಿದೆ, ಅಟ್ಟಣೆ ಹತ್ತಲು ಆಗುತ್ತಿಲ್ಲ. ನನ್ನ ಸೈಕಲ್ಲಿಗೆ ಲೈಟ್ ಇರಲಿಲ್ಲ, ಇನ್ಶೂರೆನ್ಸ್ ಅಂತೂ ಇಲ್ಲವೇ ಇಲ್ಲ. ಏನಾದರೂ ಸಿಗುತ್ತದೆಯೇ?*
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಸಿಗುತ್ತದೆ. ಆದರೆ ಈ ಉತ್ತರ ಓದಿ ಮುಗಿಸಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಠಾಣೆಗೆ ಹೋಗಿ ದೂರು ಕೊಡುವುದು. ಕಾರಿನವರು ಆಸ್ಪತ್ರೆಗೆ ಸೇರಿಸಿದ್ದನ್ನು ನೀವು ಉಪಕಾರ ಎಂದುಕೊಂಡಂತಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಅದು ಚಾಲಕನ ಕರ್ತವ್ಯ. 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದೂ ಅವರದೇ ಕರ್ತವ್ಯವಾಗಿತ್ತು, ಅದನ್ನು ಅವರು ಮಾಡಿಲ್ಲ.

ಊರ ಹಿರಿಯರ ಮುಂದೆ ಬರೆದುಕೊಟ್ಟ ಚೀಟಿಗೆ ಹೆದರಬೇಡಿ. ಪೊಲೀಸರು ಎಫ್‌ಐಆರ್ ಹಾಕುವುದನ್ನು ಅದು ತಡೆಯುವುದಿಲ್ಲ. ನಾಳೆ ಕಾರಿನ ವಿಮಾ ಕಂಪನಿಯ ವಕೀಲರು ಅದನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಹಿಡಿಯಬಹುದು. ಕಾಲು ನೆಟ್ಟಗಾಗುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಬರೆಸಿಕೊಂಡದ್ದು ಎಂದು ನಿಮ್ಮ ವಕೀಲರು ಹೇಳಲಿ. 15,000 ಪಡೆದದ್ದನ್ನು ಮಾತ್ರ ಮುಚ್ಚಿಡಬೇಡಿ, ಬರುವ ಪರಿಹಾರದಲ್ಲಿ ಅದನ್ನು ಮುರಿದುಕೊಳ್ಳಬಹುದು. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ, ರವಿ ಪ್ರಕರಣದಲ್ಲಿ ಹೇಳಿದೆ. ಏಕೆ ತಡವಾಯಿತು ಎಂಬುದನ್ನು ದೂರಿನಲ್ಲೇ ಬರೆಯಿರಿ: ಆಸ್ಪತ್ರೆಯಲ್ಲಿದ್ದೆ, ರಾಜಿಯಾಗುತ್ತದೆ ಎಂದು ನಂಬಿಸಿದರು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ನನಗೆ ಹೆಚ್ಚು ಚಿಂತೆ ಇರುವುದು ಬೇರೆ ಕಾಗದದ ಬಗ್ಗೆ. ಕಾರಿನವರೇ ಸೇರಿಸಿದ್ದರಿಂದ, ಹೇಗೆ ಪೆಟ್ಟಾಯಿತು ಎಂದು ಡಾಕ್ಟರು ಕೇಳಿದಾಗ ಉತ್ತರ ಕೊಟ್ಟವರೂ ಅವರೇ ಇರಬೇಕು. ‘ಸೈಕಲ್‌ನಿಂದ ಬಿದ್ದರು’ ಎಂದು ಕೇಸ್ ಶೀಟಿನಲ್ಲಿ ಒಂದು ಸಾಲು ಬಿದ್ದಿದ್ದರೆ ವಿಮಾ ಕಂಪನಿ ಅದನ್ನು ಕೊನೆಯತನಕ ಬಿಡುವುದಿಲ್ಲ. ಇಂದೇ ಆಸ್ಪತ್ರೆಯಲ್ಲಿ ಅರ್ಜಿ ಕೊಟ್ಟು ಕೇಸ್ ಶೀಟ್, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಆಗಿದ್ದರೆ ಅದರ ಪ್ರತಿ ತೆಗೆದುಕೊಳ್ಳಿ. ಆ ಸಾಲು ಇದ್ದರೂ ದಾರಿ ಮುಚ್ಚಿಹೋಗಿಲ್ಲ. ಅಪಘಾತ ಕಂಡವರು, ರಸ್ತೆ ಬದಿ ಅಂಗಡಿಯವರು, ಹಣ ಕೊಡಿಸಿದ ಹಿರಿಯರು ಸಾಕ್ಷಿ ಹೇಳಬಹುದು. ಅಂದಹಾಗೆ, ಆ ಚೀಟಿಯೇ ಕಾರು ಗುದ್ದಿದ್ದಕ್ಕೆ ಒಳ್ಳೆಯ ಪುರಾವೆ! ಅದರಲ್ಲಿ ಕಾರಿನ ನಂಬರ್ ಇದ್ದರಂತೂ ಕೇಳುವುದೇ ಬೇಡ.

ಸೈಕಲ್ಲಿಗೆ ಲೈಸೆನ್ಸೂ ಬೇಕಿಲ್ಲ, ವಿಮೆಯೂ ಬೇಕಿಲ್ಲ. ಅದು ಮೋಟಾರು ವಾಹನವೇ ಅಲ್ಲ. ನಿಮಗೆ ಪರಿಹಾರ ಕೊಡಬೇಕಾದದ್ದು ಕಾರಿನ ಥರ್ಡ್ ಪಾರ್ಟಿ ವಿಮೆ. ಲೈಟ್ ಇಲ್ಲದ್ದನ್ನು ನಿಮ್ಮ ಪಾಲಿನ ತಪ್ಪೆಂದು ಎಣಿಸಿ ಮೊತ್ತದಲ್ಲಿ ಒಂದಿಷ್ಟು ಭಾಗ ಕಡಿಯಬಹುದು. ಆಗ ಇನ್ನೂ ಬೆಳಕಿತ್ತೇ, ಬೀದಿದೀಪವಿತ್ತೇ ಎಂಬುದು ಹೇಳಿಕೆಯಲ್ಲೂ ಸ್ಥಳ ಮಹಜರಿನಲ್ಲೂ ಬರಲಿ.

ಇನ್ನು ಮೊತ್ತ. ಪರಿಹಾರ ಎಂದರೆ ಆಸ್ಪತ್ರೆ ಬಿಲ್ಲು ವಾಪಸ್ ಬರುವುದು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಬಿಲ್ಲು ಒಂದು ಬಾಬ್ತು, ಅಷ್ಟೆ. ನೋವು, ಮಲಗಿದ್ದ ತಿಂಗಳುಗಳ ಕೂಲಿ, ನೋಡಿಕೊಂಡವರ ಖರ್ಚು, ಓಡಾಟ, ಮುಂದೆ ರಾಡ್ ತೆಗೆಸುವ ಆಪರೇಷನ್ ಎಲ್ಲವೂ ಬೇರೆ ಬೇರೆ. ಇವೆಲ್ಲಕ್ಕಿಂತ ದೊಡ್ಡದು ದುಡಿಯುವ ಶಕ್ತಿ ಕುಗ್ಗಿದ್ದಕ್ಕೆ ಸಿಗುವ ಮೊತ್ತ. 2011ರ ರಾಜ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಎಡಗೈ ಹೋದರೆ ಚಾಲಕನಿಗೋ ಬಡಗಿಗೋ ದುಡಿಮೆ ಬಹುತೇಕ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಹಾಗಾಗಿ ಡಾಕ್ಟರು ಬರೆಯುವ ಶೇಕಡಾವಾರೇ ಕೊನೆಯ ಮಾತಲ್ಲ.

ನಿಮ್ಮ ಲೆಕ್ಕವನ್ನೇ ಉದಾಹರಣೆಗೆ ನೋಡೋಣ. ತಿಂಗಳ ಆದಾಯ 15,000 ಎಂದಿಟ್ಟುಕೊಳ್ಳಿ. 41ರಿಂದ 45ರ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 14. ಕಾಲಿನ ಊನ ಶೇ 30 ಎಂದರೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಅಂದರೆ ಶೇ 10ನ್ನು ಇಡೀ ದೇಹಕ್ಕೆ ಹಿಡಿಯುತ್ತಾರೆ. ಆಗ ಈ ಒಂದು ಬಾಬ್ತಿಗೆ 2,52,000. ಅಟ್ಟಣೆ ಹತ್ತದ ಗಾರೆಯವನ ನಷ್ಟ ಶೇ 20 ಎಂದು ಮನವರಿಕೆ ಮಾಡಿದರೆ 5,04,000. ನಿಮ್ಮನ್ನು ಕೆಲಸಕ್ಕೆ ಕರೆಯುತ್ತಿದ್ದ ಮೇಸ್ತ್ರಿ ಬಂದು ಸಾಕ್ಷಿ ಹೇಳುವುದು ಇದಕ್ಕಾಗಿಯೇ. ಕೂಲಿಗೆ ರಸೀದಿ ಇಲ್ಲವೆಂದು ಕುಗ್ಗಬೇಡಿ. ದಾಖಲೆ ಇಲ್ಲದವರಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಆದಾಯ ಪಟ್ಟಿಯನ್ನು ನಮ್ಮ ನ್ಯಾಯಾಲಯಗಳು ಅನುಸರಿಸುತ್ತವೆ.

ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. 2022ರ ಏಪ್ರಿಲ್ 1ರಿಂದ ಈ ಮಿತಿ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ನಲ್ಲಿವೆ, ತಡವೆಂದು ವಜಾ ಮಾಡಬೇಡಿ ಎಂಬ ಮಧ್ಯಂತರ ಆದೇಶವೂ 2025ರ ನವೆಂಬರ್‌ನಲ್ಲಿ ಬಂದಿದೆ. ಆ ಧೈರ್ಯದ ಮೇಲೆ ಕೂರಬೇಡಿ. ನೀವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಈ ಅರ್ಜಿ, ಅಂದರೆ ಎಂವಿಸಿ ಕೇಸ್, ಹಾಕಬಹುದು.

*ಪ್ರಶ್ನೆ: ಎಂಟನೇ ತರಗತಿಯ ಮಗಳು ಸೈಕಲ್‌ನಲ್ಲಿ ಶಾಲೆಗೆ ಹೋಗುವಾಗ 17 ವರ್ಷದ ಹುಡುಗ ಓಡಿಸುತ್ತಿದ್ದ ಕಾರು ತಾಗಿ ಮುಂದಿನ ಎರಡು ಹಲ್ಲು ಮುರಿದವು. ‘ಹುಡುಗನಿಗೆ ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಬರಲ್ಲ, ಕೇಸ್ ಹಾಕಿ ಏನು ಪ್ರಯೋಜನ? ಮಗಳೂ ಹೆಲ್ಮೆಟ್ ಹಾಕಿರಲಿಲ್ಲವಲ್ಲ’ ಎನ್ನುತ್ತಾರೆ ಅವರ ಮನೆಯವರು.*
– ತಂದೆ, ಹಾಸನ

ಹೇಳಿದ ಮೂರು ಮಾತಿನಲ್ಲಿ ಲೈಸೆನ್ಸ್ ಇಲ್ಲ ಎಂಬುದೊಂದೇ ನಿಜ, ಅದು ಅವರಿಗೇ ಸುತ್ತಿಕೊಳ್ಳುತ್ತದೆ. ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಪೋಷಕ ಅಥವಾ ಮಾಲೀಕರಿಗೆ 199ಎ ಕಲಂ ಅಡಿ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ಇದೆ. ಕೇಸ್ ಬೇಡ ಎನ್ನುವ ಕಾಳಜಿ ಎಲ್ಲಿಂದ ಬಂತು ಎಂದು ಇನ್ನು ವಿವರಿಸಬೇಕಿಲ್ಲ. ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೂ ವಾಹನಕ್ಕೆ ವಿಮೆ ಇದ್ದರೆ, ಕಂಪನಿ ಮೊದಲು ನಿಮಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿಗಳು ಆದೇಶಿಸುತ್ತವೆ. 2004ರ ಸ್ವರಣ್ ಸಿಂಗ್ ತೀರ್ಪು ಅದಕ್ಕೆ ಆಧಾರ. ಹೆಲ್ಮೆಟ್ ಕಡ್ಡಾಯ ಇರುವುದು ಮೋಟಾರ್‌ಸೈಕಲ್‌ಗೆ, ಮಗಳ ಸೈಕಲ್ಲಿಗಲ್ಲ.

ಹಲ್ಲು ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯವೇ. ವೂಂಡ್ ಸರ್ಟಿಫಿಕೇಟಿನಲ್ಲಿ ಹಾಗೆಯೇ ನಮೂದಾಗಿದೆಯೇ ನೋಡಿ. ತೀವ್ರ ಗಾಯಕ್ಕೆ ಯಾರ ತಪ್ಪೆಂದು ಸಾಬೀತು ಮಾಡದೆ ಎರಡೂವರೆ ಲಕ್ಷ ಪಡೆಯುವ 164ನೇ ಕಲಂನ ದಾರಿಯೂ ಇದೆ. ಅದನ್ನು ಒಪ್ಪಿಕೊಂಡರೆ ತಪ್ಪು ಸಾಬೀತು ಮಾಡಿ ಪೂರ್ತಿ ಪರಿಹಾರ ಕೇಳುವ 166ನೇ ಕಲಂ ಅಡಿಯ ಅರ್ಜಿ ಬಿದ್ದುಹೋಗುತ್ತದೆ. ನಿಮ್ಮ ಮಗಳ ವಿಷಯದಲ್ಲಿ 164ರ ದಾರಿಯೇ ಲಾಭ ಇರಬಹುದು ಎಂದು ನನ್ನ ಅನಿಸಿಕೆ. ಆದರೆ ಬೆಳೆಯುವ ಮಕ್ಕಳಿಗೆ ಹಲ್ಲಿನ ಚಿಕಿತ್ಸೆ ಒಮ್ಮೆಗೇ ಮುಗಿಯದಿರಬಹುದು. ಮುಂದಿನ ಖರ್ಚಿನ ಅಂದಾಜನ್ನು ದಂತವೈದ್ಯರಿಂದ ಬರೆಸಿಕೊಂಡು, ನಂತರ ನಿರ್ಧರಿಸಿ.

*ಪ್ರಶ್ನೆ: ನಮ್ಮ ಯಜಮಾನರು ನಸುಕಿನಲ್ಲಿ ಸೈಕಲ್ ಮೇಲೆ ಪೇಪರ್ ಹಾಕುವಾಗ ಯಾವುದೋ ಗಾಡಿ ಗುದ್ದಿ ನಿಲ್ಲಿಸದೆ ಹೋಯಿತು. ಕೈ ಮುರಿದಿದೆ. ಗಾಡಿ ಸಿಕ್ಕಿಲ್ಲ ಅಂತ ಪೊಲೀಸರು ಹೇಳ್ತಾರೆ. ನಾವು ಯಾರ ಮೇಲೆ ಕೇಸ್ ಹಾಕೋದು?*
– ಗೃಹಿಣಿ, ಕಲಬುರಗಿ

ತಾಯಿ, ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ, ತಹಶೀಲ್ದಾರ್ ಕಚೇರಿಗೆ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ. ಗುದ್ದಿ ಪರಾರಿಯಾದ ವಾಹನ ಸಿಗದಿದ್ದಾಗ ಕೇಂದ್ರದ 2022ರ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಾದರೆ 2 ಲಕ್ಷ ರೂಪಾಯಿ ಇದೆ. ಎಫ್‌ಐಆರ್, ವೈದ್ಯಕೀಯ ಕಾಗದ, ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿ ಜೊತೆಗಿರಲಿ. ಒಂದು ತಿಂಗಳಾದರೂ ವಾಹನ ಪತ್ತೆಯಾಗದಿದ್ದರೆ ಈ ಯೋಜನೆಯ ಬಗ್ಗೆ ಗಾಯಾಳುವಿಗೆ ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಪೊಲೀಸರಿಗೆ ಸೂಚಿಸಿದೆ. ನಿಮಗೆ ಯಾರೂ ತಿಳಿಸಿದಂತಿಲ್ಲ. ಐವತ್ತು ಸಾವಿರ ತೀರಾ ಕಡಿಮೆ, ನಿಜ. ಆದ್ದರಿಂದ ಹುಡುಕುವುದನ್ನೂ ನಿಲ್ಲಿಸಬೇಡಿ. ಆ ರಸ್ತೆಯ ಅಂಗಡಿ, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿ ದೃಶ್ಯ ಬೇಗ ಅಳಿಸಿಹೋಗುತ್ತದೆ, ಪೊಲೀಸರಿಗೆ ಇವತ್ತೇ ಬರೆದುಕೊಡಿ. ಮುಂದೆ ಗಾಡಿ ಸಿಕ್ಕಿದರೆ ಪೂರ್ತಿ ಪರಿಹಾರ ಕೇಳಬಹುದು, ಅದರಲ್ಲಿ ಈ ಹಣ ಮುರಿದುಕೊಳ್ಳುತ್ತಾರೆ.

*ಪ್ರಶ್ನೆ: ವಕೀಲರು ಬಂದ ಹಣದಲ್ಲಿ ಶೇ 30 ಕೊಡಿ ಎನ್ನುತ್ತಿದ್ದಾರೆ. ಸರಿಯೇ?*
– ಓದುಗರು, ಬೆಂಗಳೂರು

ಅಲ್ಲ. ಗೆದ್ದ ಹಣದಲ್ಲಿ ಪಾಲು ಕೇಳುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ನಿಗದಿತ ಫೀ ಮಾತಾಡಿಕೊಳ್ಳಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಖಾಲಿ ಚೆಕ್ಕಿಗೆ ಸಹಿ ಕೇಳಿದರೆ ಆ ಕಚೇರಿಯಿಂದ ಎದ್ದು ಬನ್ನಿ.