ನಾಡಧ್ವಜದ ಪುನಾರಚನೆ

ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕುಗಳಲ್ಲಿಯೂ ರಾಜ್ಯೋತ್ಸವದಂದು ಏರುವ ಹಳದಿ-ಕೆಂಪು ಬಾವುಟವಿರುವಾಗಲೇ, 2017ರಲ್ಲಿ ಕರ್ನಾಟಕ ಸರ್ಕಾರವು ನೇಮಿಸಿದ ಒಂಬತ್ತು ಸದಸ್ಯರ ಸಮಿತಿಯ ವರದಿಯನ್ನನುಸರಿಸಿ, ಮುಖ್ಯಮಂತ್ರಿ ಸಿದ್ದರಾಮಯ್ಯನವರು 2018ರ ಮಾರ್ಚ್ 8ರಂದು, ನಡುವೆ ಶ್ವೇತಪಟ್ಟಿಯನ್ನೂ ಗಂಡಭೇರುಂಡ ಲಾಂಛನವನ್ನೂ ಧರಿಸಿದ ನೂತನ ಧ್ವಜವನ್ನು ಅನಾವರಣಗೊಳಿಸಿದರು. ಅದರ ಅಂಗೀಕಾರಕ್ಕೆ ಕೇಂದ್ರದ ಸಮ್ಮತಿಯನ್ನು ಕೋರಲಾಯಿತು. ನ್ಯೂಜಿಲೆಂಡಿನಲ್ಲಾದರೋ, ರಾಷ್ಟ್ರಧ್ವಜವನ್ನು ಬದಲಿಸುವ ಪ್ರಶ್ನೆ ಬಂದಾಗ, ಪ್ರಜೆಗಳಿಂದ ಬಂದ 10,292 ವಿನ್ಯಾಸಗಳಲ್ಲಿ ಆಯ್ದ ಐದನ್ನು 2015ರಲ್ಲಿ ಮತಕ್ಕಿಟ್ಟು, ಗೆದ್ದುದನ್ನು 2016ರ ಮಾರ್ಚಿನಲ್ಲಿ ಹಳೆಯ ಧ್ವಜದೆದುರು ನಿಲ್ಲಿಸಿದಾಗ, ಮತ ಹಾಕಿದವರಲ್ಲಿ ಶೇಕಡಾ 56.6 ಮಂದಿ ಹಳೆಯದನ್ನೇ ಉಳಿಸಿಕೊಂಡರು. ಅಲ್ಲಿ ವಿನ್ಯಾಸದ ಆಹ್ವಾನ ಸರ್ವರಿಗೂ ಮುಕ್ತವಾಗಿದ್ದುದು ನಿಜಕ್ಕೂ ಶ್ಲಾಘ್ಯ. ಆದರೆ ನಮ್ಮ ನಾಡಧ್ವಜದ ವಿಷಯದಲ್ಲಿ, ಬದಲಾವಣೆ ಬೇಕೇ ಎಂಬ ಮೂಲಪ್ರಶ್ನೆಯನ್ನು ಮೊದಲೇ ಕೇಳಿ, ತಾಲ್ಲೂಕು ತಾಲ್ಲೂಕುಗಳಲ್ಲಿ ಜನಾಭಿಪ್ರಾಯವನ್ನು ಆಲಿಸಿ, ಆಯ್ಕೆಯ ಕಾರಣಗಳನ್ನು ಪ್ರಕಟಿಸುವುದೇ ನ್ಯಾಯಸಮ್ಮತ ಕ್ರಮವೆಂದು ನನ್ನ ದೃಢವಾದ ಅಭಿಪ್ರಾಯ.