ಟ್ರೇಡರ್ ಪಗಾರ ಎಷ್ಟು?

ಇಂಡಿ ನಿಂಬೆಹಣ್ಣಿನ ವ್ಯಾಪಾರ ನೋಡಿದವರಿಗೆ ಗೊತ್ತು: ದರ ಏರಲಿ, ಇಳಿಯಲಿ, ದಲಾಲರಿಗೆ ಕಮಿಷನ್ ಬರುತ್ತೆ, ಲಾಭ-ನಷ್ಟ ಮಾಲು ಕೊಂಡ ವ್ಯಾಪಾರಿಯದು. ಷೇರು ಪೇಟೆಯಲ್ಲೂ ಅಷ್ಟೇ. ಬ್ರೋಕರ್ ಆ್ಯಪ್ ದಲಾಲ, ಟ್ರೇಡರ್ ವ್ಯಾಪಾರಿ.

ಕಂಪನಿಯ ಟ್ರೇಡರ್ ಲೆಕ್ಕ ಬೇರೆ. ತಿಂಗಳ ಪಗಾರ, ಮೇಲೆ ಲಾಭ ನೋಡಿ ಬೋನಸ್. ಬಂಡವಾಳ ಕಂಪನಿಯದು, ನಷ್ಟವೂ ಅದರದ್ದೇ. ರಿಸ್ಕ್ ಮಿತಿ ಮೀರದೆ ಸತತ ಗಳಿಸಿದರೆ ಹೆಚ್ಚು ಬಂಡವಾಳ ಕೈಗೆ ಬರುತ್ತೆ, ಬೋನಸ್ಸೂ ಬೆಳೆಯುತ್ತೆ. ಕಳೆಯುತ್ತಲೇ ಹೋದರೆ ಕೆಲಸ ಹೋಗುತ್ತೆ.

ಹಾಸ್ಟೆಲ್‌ನಲ್ಲಿ ಕೂತು ಫೀಸಿನ ದುಡ್ಡಲ್ಲಿ ಆಪ್ಷನ್ಸ್ ಆಡೋರಿಗೆ? ಸೆಬಿಯ 2024ರ ಅಧ್ಯಯನದಂತೆ, 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ ಶೇ. 93 ಮಂದಿ ನಷ್ಟ ಕಂಡರು. ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ.

ಟ್ರೇಡರ್ ಆಗೋ ಆಸೆ ಇದ್ರೆ ಸ್ಟ್ಯಾಟಿಸ್ಟಿಕ್ಸ್, ಕೋಡಿಂಗ್ ಕಲಿತು ಕೆಲಸಕ್ಕೆ ಸೇರಿ. ಅಪ್ಪ ಕಳಿಸಿದ ದುಡ್ಡು ಬಂಡವಾಳ ಅಲ್ಲ.